ಮಿಕ್ವೆಯ ಸಿಂಧುತ್ವ ಕುರಿತ ರಬ್ಬಿಗಳ ಪತ್ರಗಳನ್ನು ಓದುವ ಬಗೆ

ಯೆಹೂದಿಗಳ ವಿಧಿಸ್ನಾನದ ಕೊಳವಾದ ಮಿಕ್ವೆ ಶಾಸ್ತ್ರಸಮ್ಮತವೇ ಎಂಬ ಪ್ರಶ್ನೆಗೆ ಯೆಹೂದಿ ಧರ್ಮಪಂಡಿತರಾದ ರಬ್ಬಿಗಳು ಬರೆದ ಉತ್ತರಗಳನ್ನು ಓದಲು ಹೊರಟವರು ತೀರ್ಪನ್ನು ಹುಡುಕುವ ಆತುರವನ್ನು ಬದಿಗಿಟ್ಟು, ಪತ್ರದಲ್ಲಿ ವರ್ಣಿಸಿರುವ ನೀರಿನ ದಾರಿಯನ್ನು ಮೊದಲು ಹಾಳೆಯ ಮೇಲೆ ಬರೆದುಕೊಳ್ಳಬೇಕು. ನೀರು ಮಳೆಯದೋ ಒರತೆಯದೋ, ನಡುವೆ ಅದನ್ನು ಪಾತ್ರೆಯಲ್ಲಿ ತುಂಬಿ ಎತ್ತಲಾಯಿತೋ, ತೊಟ್ಟಿ ಎಲ್ಲಾದರೂ ಸೋರುತ್ತಿದೆಯೋ ಎಂಬುದು ತಿಳಿಯದೆ ವಾದದ ಒಂದು ಸಾಲೂ ಅರ್ಥವಾಗದು.

ಯೆಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಶ್ನಾದ ಮಿಕ್ವಾವೋತ್ ಭಾಗ ಹಾಕಿಕೊಟ್ಟ ಅಳತೆಗಳು ಬಾಯಿಪಾಠವಾಗಿರಲಿ. ಮಿಕ್ವೆಗೆ 40 ಸೆಆ (ನೀರಿನ ಹಳೆಯ ಅಳತೆ) ನೀರು ಬೇಕು. ಅಷ್ಟು ತುಂಬುವ ಮೊದಲೇ ಪಾತ್ರೆಯಲ್ಲಿ ಸೇದಿದ ನೀರು 3 ಲೋಗ್‌ನಷ್ಟು (ಲೋಗ್ ಎಂದರೆ ಸೆಆಗಿಂತ ಬಹಳ ಚಿಕ್ಕ ಅಳತೆ) ಬಿದ್ದರೆ ಕೊಳ ಕೆಡುತ್ತದೆ. ಆದರೆ ಯೋಗ್ಯವಾದ 40 ಸೆಆ ಒಮ್ಮೆ ಕೂಡಿದ ಮೇಲೆ ಸೇದಿದ ನೀರನ್ನು ಎಷ್ಟು ಸೇರಿಸಿದರೂ ದೋಷವಿಲ್ಲ. ಆದ್ದರಿಂದಲೇ ಈ ಪತ್ರಗಳಲ್ಲಿ ಯಾವುದು ಮೊದಲು ಬಿದ್ದಿತು ಎಂಬ ಪ್ರಶ್ನೆಗೆ ಅಷ್ಟೊಂದು ತೂಕ. ಮಳೆನೀರು ನಿಂತಿರಬೇಕು, ಒರತೆಯ ನೀರಾದರೆ ಹರಿಯುತ್ತಿದ್ದರೂ ಶುದ್ಧಿ ನೀಡುತ್ತದೆ. ಹೀಗಾಗಿ ಮಳೆನೀರಿನ ತೊಟ್ಟಿಯಲ್ಲಿ ಕಂಡ ಸಣ್ಣ ಬಿರುಕು ಹಲವು ಪುಟಗಳ ಚರ್ಚೆಗೆ ಕಾರಣವಾಗುವುದುಂಟು. ಎರಡು ತೊಟ್ಟಿಗಳ ನೀರು ತೂತಿನ ಮೂಲಕ ಒಂದನ್ನೊಂದು ಮುಟ್ಟುವ ಏರ್ಪಾಡಿಗೆ ಹಶಾಕಾ ಎನ್ನುತ್ತಾರೆ. ಆ ತೂತು ಚರ್ಮದ ಚೀಲದ ಬಾಯಿಯಷ್ಟು, ಅಂದರೆ ಎರಡು ಬೆರಳು ಒಳಗೆ ತಿರುಗುವಷ್ಟು ಅಗಲವಿರಬೇಕು.

ಇಷ್ಟಾದ ಮೇಲೆ ಆಧಾರಗಳತ್ತ ಹೊರಳಬಹುದು. 16ನೆಯ ಶತಮಾನದ ಯೋಸೆಫ್ ಕಾರೋ ಅವರ ಧರ್ಮನಿಯಮ ಗ್ರಂಥ ಶುಲ್ಹಾನ್ ಆರೂಖ್‌ನ ಯೋರೆ ದೇಆ ವಿಭಾಗದ 201ನೆಯ ಅಧ್ಯಾಯ ಮತ್ತೆ ಮತ್ತೆ ಎದುರಾಗುತ್ತದೆ. ಬರೆದವರು ಆಕ್ಷೇಪವನ್ನು ಮೂಲ ಧರ್ಮಗ್ರಂಥವಾದ ತೋರಾದ ನಿಯಮವೆಂದು ಎಣಿಸಿದ್ದಾರೋ ವಿದ್ವಾಂಸರು ವಿಧಿಸಿದ ನಿಯಮವೆಂದೋ ಎಂಬುದನ್ನು ಗುರುತಿಸಿಕೊಳ್ಳಿ, ಏಕೆಂದರೆ ಸಂಶಯ ಬಂದಾಗ ಮೊದಲನೆಯದರಲ್ಲಿ ಬಿಗಿಯೂ ಎರಡನೆಯದರಲ್ಲಿ ಸಡಿಲಿಕೆಯೂ ಸಾಮಾನ್ಯ ರೀತಿ.

ಇಟಲಿಯ ರೊವಿಗೊದ ಒಂದು ಮಿಕ್ವೆಯ ವಿವಾದ ಇದಕ್ಕೆಲ್ಲ ಒಳ್ಳೆಯ ಅಭ್ಯಾಸ. ಅದರ ಪರವಿರೋಧದ ಬರಹಗಳು 17ನೆಯ ಶತಮಾನದ ಮೊದಲ ದಶಕದಲ್ಲಿ ವೆನಿಸ್‌ನಲ್ಲಿ ಅಚ್ಚಾದವು. ಇಂಥ ವಿವಾದದಲ್ಲಿ ಎರಡೂ ಕಡೆಯ ಪತ್ರಗಳನ್ನು ಜೊತೆಗಿಟ್ಟು ಓದಲೇಬೇಕು. ದೂರದ ರಬ್ಬಿ ಕೊಳವನ್ನು ಕಂಡಿರದೆ, ಪ್ರಶ್ನೆ ಕಳುಹಿಸಿದವರ ವರ್ಣನೆಯನ್ನೇ ನಂಬಿ ಉತ್ತರಿಸಿರಬಹುದು. ಎಷ್ಟು ಸಹಿಗಳಿವೆ ಎಂದು ಎಣಿಸುವುದಕ್ಕಿಂತ, ‘ಸಂಗತಿ ಹೇಳಿದಂತೆಯೇ ಇದ್ದರೆ’, ‘ಇತರ ಪಂಡಿತರೂ ಒಪ್ಪಿದರೆ’ ಎಂಬಂಥ ಷರತ್ತುಗಳ ಕೆಳಗೆ ಗೆರೆ ಎಳೆದು, ಅವು ನೆರವೇರಿದವೇ ಎಂದು ಮುಂದಿನ ಪತ್ರದಲ್ಲಿ ಪರಿಶೀಲಿಸುವುದು ಮೇಲು.