ರೈಲು ಮ್ಯೂಸಿಯಂನಲ್ಲಿ ಮಕ್ಕಳಿಗೆ ಕಥೆ ಹೇಳೋ ಪ್ಲಾನ್ ಇದೆಯಾ?

ರಜೆಯಲ್ಲಿ ಮಕ್ಕಳ ಗುಂಪನ್ನು ಮೈಸೂರಿನ ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗುವವರಿಗೆ ಒಂದು ಸಲಹೆ. ಕಥೆ ಮೊದಲು, ಪುಟಾಣಿ ರೈಲು ಆಮೇಲೆ. ಒಮ್ಮೆ ರೈಲು ಹತ್ತಿದರೆ ಮುಗಿಯಿತು, ‘ಇನ್ನೊಂದು ರೌಂಡ್’ ಅನ್ನೋದು ಬಿಟ್ಟು ಬೇರೆ ಮಾತೇ ಇರುವುದಿಲ್ಲ!

ಪುಸ್ತಕ ಹಿಡಿದು ಓದಬೇಡಿ. ಎದುರಿಗೇ ಇರುವುದನ್ನು ಕಥೆ ಮಾಡಿ. 1899ರ ಮಹಾರಾಣಿ ಸಲೂನ್ ಗಾಡಿಗೆ, ಅಂದರೆ ಮಹಾರಾಣಿಯ ಪ್ರಯಾಣಕ್ಕೆಂದೇ ಇದ್ದ ರೈಲು ಬೋಗಿಗೆ, ಅಡುಗೆಮನೆಯೂ ಇತ್ತು. ‘ಓಡುವ ರೈಲಿನಲ್ಲಿ ಸಾರು ಕುದಿಸಿದರೆ ಏನಾಗುತ್ತೆ?’ ಅಂತ ಕೇಳಿ ನೋಡಿ, ಮುಂದಿನ ಕಥೆ ಅವರೇ ಹೇಳುತ್ತಾರೆ. ಹಳಿ ಮೇಲೆ ಓಡುವ ಚಕ್ರ ಹಾಕಿಸಿಕೊಂಡ ಆಸ್ಟಿನ್ ಕಾರೂ ಇದೆ. ಅದಕ್ಕೆ ಸ್ಟೀರಿಂಗ್ ತಿರುಗಿಸುವ ಕೆಲಸವೇ ಇಲ್ಲ ಅಲ್ವಾ? ಚಿಕ್ಕವರು ಇದರ ಮೇಲೇ ಜಾಸ್ತಿ ಹೊತ್ತು ತಲೆ ಕೆಡಿಸಿಕೊಳ್ಳುತ್ತಾರೆ.

ಹಬೆ ಎಂಜಿನ್ ಹತ್ತಿರ ಪಾತ್ರ ಹಂಚಿ. ಒಬ್ಬರು ಕಲ್ಲಿದ್ದಲು ಹಾಕುವ ಫೈರ್‌ಮನ್, ಒಬ್ಬರು ಡ್ರೈವರ್, ಉಳಿದವರೆಲ್ಲ ‘ಚುಕ್ ಬುಕ್’. ಸುಮ್ನೆ ಕೂರದವರಿಗೆ ಸೀಟಿ ಕೆಲಸ ಕೊಡಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಕಬ್ಬಿಣ ಸುಡುತ್ತದೆ. ಕೂರಲು ಒಂದು ಜಮಖಾನ, ಕುಡಿಯಲು ನೀರು ಇರಲಿ. ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ.