ಮನೆಯಲ್ಲಿ ಕಟ್ಟಿದ ವಿಮಾನದ ರೇಡಿಯೊ ಕೈಕೊಟ್ಟರೆ ದೋಷ ಹುಡುಕುವುದು ಹೇಗೆ?

ಬೀದರ್‌ನವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ಕೇಂದ್ರ ಅಲ್ಲೇ ಇದೆ, ವಾಯುಪಡೆಯ ಕಸರತ್ತಿನ ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ನಿಲ್ದಾಣ ಶುರುವಾದ ಮೇಲೆ ವಿಮಾನ ನಮ್ಮ ಭಾಗದ ಹುಡುಗರಿಗೆ ಇನ್ನೂ ಹತ್ತಿರ ಬಂತು. ಎರಡು ಸೀಟಿನ ಹಗುರ ವಿಮಾನವನ್ನು ಕೈಯಾರೆ ಕಟ್ಟಬೇಕು ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಅವರಿಗೆ ರೆಕ್ಕೆ, ಎಂಜಿನ್ ಬಗ್ಗೆ ಬೇಕಾದಷ್ಟು ಗೊತ್ತಿರುತ್ತದೆ. ವೈರಿಂಗ್ ಮಾತ್ರ ಕೊನೆಗೆ ಉಳಿಯುತ್ತದೆ, ಅವಸರದಲ್ಲಿ ಮುಗಿಯುತ್ತದೆ. ಆಮೇಲೆ ರೇಡಿಯೊ ಗೊರಗುಟ್ಟುತ್ತದೆ, ಮೀಟರ್ ಮುಳ್ಳು ಕುಣಿಯುತ್ತದೆ.

ಆಗ ಹೆಚ್ಚಿನವರು ಹೊಸ ರೇಡಿಯೊ ತರಲು ಹೊರಡುತ್ತಾರೆ. ದಯವಿಟ್ಟು ಬೇಡ. ದೋಷ ಇರುವುದು ಬಹುತೇಕ ಡಬ್ಬಿಯೊಳಗಲ್ಲ, ವೈರಿನ ತುದಿಯಲ್ಲಿ. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿರಿ.

ಮುಟ್ಟುವ ಮೊದಲು

ಚಕ್ರಕ್ಕೆ ಅಡ್ಡಗಟ್ಟೆ ಇಡಿ. ವೈರ್ ಬಿಚ್ಚುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ತುದಿ ಮೊದಲು ತೆಗೆಯಿರಿ. ಇದಕ್ಕಿಂತ ದೊಡ್ಡ ಅಪಾಯ ಪ್ರೊಪೆಲ್ಲರ್. ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆಯೇ ಕಿಡಿ ಹುಟ್ಟಿಸುವ ಸಾಧನ) ಇರುವ ಎಂಜಿನ್‌ನಲ್ಲಿ ಸ್ವಿಚ್ ಆಫ್ ಮಾಡಿದಾಗ ಮ್ಯಾಗ್ನೆಟೊದ ಒಂದು ವೈರ್ ಅರ್ಥ್‌ಗೆ ಸೇರುತ್ತದೆ. ಸ್ಪಾರ್ಕ್ ನಿಲ್ಲುವುದು ಅದರಿಂದಲೇ. ಆ ವೈರ್ ಕಡಿದಿದ್ದರೆ ಸ್ವಿಚ್ ಆಫ್ ಇದ್ದರೂ, ಬ್ಯಾಟರಿ ಇಲ್ಲದಿದ್ದರೂ ಮ್ಯಾಗ್ನೆಟೊ ಜೀವಂತ. ಸುಮ್ನೆ ಕೈಯಿಂದ ಪ್ರೊಪೆಲ್ಲರ್ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಅದಕ್ಕೇ ಪ್ರೊಪೆಲ್ಲರ್ ತಿರುಗುವ ಜಾಗದಲ್ಲಿ ಯಾವಾಗಲೂ ಯಾರೂ ನಿಲ್ಲಬಾರದು.

ಇನ್ನು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತೊಂದರೆ ಯಾವಾಗ ಬರುತ್ತದೆ? ಎಂಜಿನ್ ನಿಂತಾಗಲೂ ಇದೆಯಾ? ಮಾತನಾಡುವ ಬಟನ್ ಒತ್ತಿದಾಗ ಮಾತ್ರವಾ? ಮಧ್ಯಾಹ್ನದ ಬಿಸಿಲಲ್ಲಿ ಜಾಸ್ತಿಯಾ? ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಕಡೆ ಕೈ ಹಾಕಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಬ್ಯಾಟರಿಯಿಂದ ಶುರು ಮಾಡಿ

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೆಲವು ಗಂಟೆ ಸುಮ್ಮನಿದ್ದ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಹಾರಾಟದ ವೇಗದಲ್ಲಿ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. 13 ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಂಶಯ. ಎಂಜಿನ್ ಆಫ್ ಮಾಡಿ, ಸೂಕ್ಷ್ಮ ಉಪಕರಣಗಳು ಸುಡುವ ಮೊದಲು. ನಿಧಾನ ವೇಗದಲ್ಲಿ ವೋಲ್ಟ್ ಕಡಿಮೆ ಇದ್ದರೆ ಗಾಬರಿ ಬೇಡ. ಹಗುರ ವಿಮಾನಗಳಲ್ಲಿ ಬಳಸುವ ರೋಟ್ಯಾಕ್ಸ್ 912 ಎಂಜಿನ್‌ನ ಒಳಗಿನ ಜನರೇಟರ್ ಪೂರ್ತಿ ವೇಗದಲ್ಲಿ ಕೊಡುವುದೇ ಸುಮಾರು 250 ವಾಟ್. ನಿಧಾನ ತಿರುಗುವಾಗ ಇನ್ನೂ ಕಡಿಮೆ.

ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ತಗಡಿನ ಶೆಡ್ಡಿನೊಳಗೆ, ಎಂಜಿನ್ ಮುಚ್ಚಳದಡಿ ಎಷ್ಟಿರಬಹುದು ನೀವೇ ಊಹಿಸಿ. ರೆಗ್ಯುಲೇಟರ್‌ಗೆ ಗಾಳಿ ತಾಗುವಂತೆ ಜಾಗ ಮಾಡಿಕೊಡಿ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಚಾರ್ಜ್ ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.

ಅರ್ಥ್ ದಾರಿ ಅಳೆಯಿರಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಲ್ಲರೂ ಮೀಟರನ್ನು ಬೀಪ್‌ಗೆ ಹಾಕಿ ನೋಡುತ್ತಾರೆ. ಬೀಪ್ ಬಂತು, ವೈರ್ ಸರಿಯಿದೆ ಅನ್ನುತ್ತಾರೆ. ಆದರೆ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ಗಿನೊಳಗೆ ಹತ್ತೊಂಬತ್ತು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ. ಕರೆಂಟ್ ಹರಿಯುವಾಗ ಆ ಒಂದು ಎಳೆ ಸೋಲುತ್ತದೆ. ಹಾಗಾಗಿ ಲೋಡ್ ಹಾಕಿಯೇ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ರೇಡಿಯೊದ ಅರ್ಥ್ ಪಿನ್ ಮೇಲೆ. ಆಂಟೆನಾ ಜೋಡಿಸಿಯೇ ಇರಲಿ. ಬಟನ್ ಒತ್ತಿ ಕ್ಷಣಕಾಲ ಟ್ರಾನ್ಸ್‌ಮಿಟ್ ಮಾಡಿಸಿ. 0.1 ವೋಲ್ಟ್‌ಗಿಂತ ಕಡಿಮೆ ಬಂದರೆ ಚೆನ್ನ. ಅರ್ಧ ವೋಲ್ಟ್ ಬಂದರೆ ನಡುವೆ ಎಲ್ಲೋ ಜಾಯಿಂಟ್ ಕೆಟ್ಟಿದೆ. ಕಡ್ಡಿಯನ್ನು ಒಂದೊಂದೇ ಜಾಯಿಂಟ್ ದಾಟಿಸುತ್ತ ಬನ್ನಿ. ಎಲ್ಲಿ ವೋಲ್ಟ್ ದಿಢೀರ್ ಇಳಿಯಿತೋ ಕಳ್ಳ ಅಲ್ಲೇ. ಪಾಸಿಟಿವ್ ಕಡೆಯನ್ನೂ ಹೀಗೆಯೇ ಅಳೆಯಬಹುದು. ಫ್ಯೂಸ್ ಹೋಲ್ಡರ್, ಮಾಸ್ಟರ್ ಸ್ವಿಚ್, ಬ್ರೇಕರ್ ಎಲ್ಲವೂ ಈ ಪರೀಕ್ಷೆಯಲ್ಲಿ ಬಾಯಿಬಿಡುತ್ತವೆ.

ಸಿಕ್ಕಿದ ಮೇಲೆ ಏನು? ಲಗ್ ಕೆಳಗಿನ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ. ಲಗ್ ಸಡಿಲವಿದ್ದರೆ ಕತ್ತರಿಸಿ ಹೊಸದು ಹಾಕಿ, ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ. ಪಕ್ಕಡ್‌ನಿಂದ ಜಜ್ಜಬೇಡಿ. ಬೆಸುಗೆಯೂ ಬೇಡ; ಬೆಸುಗೆ ಹಾಕಿದ ಜಾಗದ ಅಂಚಿನಲ್ಲಿ ವೈರ್ ಗಡುಸಾಗುತ್ತದೆ, ಎಂಜಿನ್ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಮರ ಅಥವಾ ಫೈಬರ್ ವಿಮಾನವಾದರೆ ಬಾಡಿ ಅರ್ಥ್ ಎಂಬುದೇ ಇಲ್ಲ. ಪ್ರತಿಯೊಂದು ಉಪಕರಣದಿಂದ ಒಂದು ಅರ್ಥ್ ವೈರ್ ಒಂದೇ ಜಾಗಕ್ಕೆ ಬರಲಿ.

ಎರೆ ಮಣ್ಣಿನ ಧೂಳು ಮಳೆಗಾಲದ ತೇವಕ್ಕೆ ಕನೆಕ್ಟರ್‌ಗಳ ಮೇಲೆ ಅಂಟಿ ಕೂರುತ್ತದೆ. ಪಕ್ಕದಲ್ಲಿ ತೊಗರಿ ಮೂಟೆ ಇರುವ ಶೆಡ್ಡಾದರೆ ಇಲಿ ಕಡಿದ ಗುರುತನ್ನೂ ಹುಡುಕಿ.

ಗದ್ದಲ ಎಲ್ಲಿಂದ?

ವಿಮಾನದ ರೇಡಿಯೊ 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ನಾವು ಹಾಡು ಕೇಳುವ ಎಫ್‌ಎಂಗಿಂತ ಸ್ವಲ್ಪ ಮೇಲೆ. ಆದರೆ ಅದು ಎಎಂ ವಿಧಾನ, ಅಂದರೆ ಅಲೆಯ ಬಲ ಏರಿಳಿಸಿ ಮಾತು ಕಳಿಸುವುದು, ಅದಕ್ಕೇ ಪ್ರತಿ ಕಿಡಿಯೂ ಕಿವಿಗೆ ಬೀಳುತ್ತದೆ. ಸದ್ದನ್ನು ಗಮನವಿಟ್ಟು ಕೇಳಿ. ಎಂಜಿನ್ ವೇಗದ ಜೊತೆ ಏರುವ ಸೀಟಿಯಂಥ ಸದ್ದು ಚಾರ್ಜಿಂಗ್ ಕಡೆಯದು. ವೇಗದ ಜೊತೆ ಏರುವ ಟಕಟಕ ಇಗ್ನಿಷನ್‌ನದು, ಪ್ಲಗ್ ವೈರ್ ಮತ್ತು ಮ್ಯಾಗ್ನೆಟೊ ವೈರಿನ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ನೋಡಿ. ಲಯಬದ್ಧವಾಗಿ ಬರುವ ಟಿಕ್ ಮಿಣುಕುವ ದೀಪದ್ದು. ಒಂದೇ ಸಮ ಗೊರಗೊರ ಅಂದರೆ ಅಗ್ಗದ ಯುಎಸ್‌ಬಿ ಚಾರ್ಜರ್ ಅಥವಾ ಎಲ್‌ಇಡಿ ದೀಪದ ಮೇಲೆ ನನ್ನ ಮೊದಲ ಸಂಶಯ. ಬ್ರೇಕರ್‌ಗಳನ್ನು ಒಂದೊಂದಾಗಿ ಎಳೆದು, ಆಯಾ ಉಪಕರಣದ ಕರೆಂಟ್ ಕಡಿದು ನೋಡಿ.

ಆಮೇಲೆ ರೇಡಿಯೊ ಹಿಂದಿನಿಂದ ಆಂಟೆನಾ ಕೇಬಲ್ ಕಳಚಿ, ಸ್ಕ್ವೆಲ್ಚ್ (ಮಾತಿಲ್ಲದಾಗ ಸದ್ದು ಅಡಗಿಸುವ ನಿಯಂತ್ರಣ) ತೆರೆದು ಕೇಳಿ. ಗದ್ದಲ ಹೋಯಿತು ಅಂದರೆ ಅದು ಗಾಳಿಯಿಂದ ಆಂಟೆನಾಗೆ ಬರುತ್ತಿತ್ತು. ಉಳಿದರೆ ಪವರ್ ವೈರ್ ಅಥವಾ ಹೆಡ್‌ಸೆಟ್ ವೈರಿನಿಂದ. ಆಂಟೆನಾ ಇಲ್ಲದಾಗ ಬಟನ್ ಮಾತ್ರ ಒತ್ತಬೇಡಿ, ರೇಡಿಯೊ ಸುಟ್ಟೀತು. ಹೆಡ್‌ಸೆಟ್ ಜಾಕ್ ಲೋಹದ ಫಲಕಕ್ಕೆ ನೇರ ತಾಗಬಾರದು. ಇನ್ಸುಲೇಟಿಂಗ್ ವಾಷರ್ ಹಾಕಿ. ಶೀಲ್ಡ್ ವೈರನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ಕೇಳಿಸುತ್ತದೆ, ಆದರೆ ನಮ್ಮ ಮಾತು ಹೋಗುವುದಿಲ್ಲ

ಬೇರೆ ಹೆಡ್‌ಸೆಟ್ ಹಾಕಿ ನೋಡಿ. ಅದರಲ್ಲೇ ಅರ್ಧ ದೂರು ಮುಗಿಯುತ್ತದೆ. ಆಮೇಲೆ ಬಟನ್, ಜಾಕ್. ಆಮೇಲೆ ಆಂಟೆನಾ. ಎರಡೂ ತುದಿ ಕಳಚಿದ ಕೋಆಕ್ಸ್ ಕೇಬಲ್‌ನಲ್ಲಿ ನಡುವಿನ ತಂತಿಗೂ ಹೊರ ಜಾಲರಿಗೂ ಸಂಪರ್ಕ ಇರಬಾರದು. ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ 2ರ ಒಳಗಿದ್ದರೆ ಸಮಾಧಾನ, 3 ದಾಟಿದರೆ ಕೇಬಲ್ ಅಥವಾ ಆಂಟೆನಾ ತಪ್ಪು. ಕಾಲು ಅಲೆಯ (ಅಲೆಯುದ್ದದ ನಾಲ್ಕನೇ ಒಂದು ಭಾಗದ) ಆಂಟೆನಾ ಸುಮಾರು 56 ಸೆಂಟಿಮೀಟರ್ ಉದ್ದ. ಅದರ ಬುಡದಲ್ಲಿ ಲೋಹದ ಹಾಳೆ ಬೇಕು. ಫೈಬರ್ ವಿಮಾನದಲ್ಲಿ ಒಳಗಿನಿಂದ ಅಷ್ಟೇ ಉದ್ದದ ನಾಲ್ಕು ತಾಮ್ರದ ಪಟ್ಟಿ ಅಂಟಿಸಿ, ಬುಡಕ್ಕೆ ಸೇರಿಸಿ. ಮಾತನಾಡುವಾಗ ನಿಮ್ಮದೇ ಕಿವಿಯಲ್ಲಿ ಕಿರುಚಿದರೆ, ಅದೂ ಕೆಲವು ಫ್ರೀಕ್ವೆನ್ಸಿಗಳಲ್ಲಿ ಮಾತ್ರ, ರೇಡಿಯೊ ಅಲೆ ಮೈಕ್ ವೈರಿಗೆ ನುಗ್ಗುತ್ತಿದೆ ಎಂದರ್ಥ. ಕಾರಣ ಹೆಚ್ಚಾಗಿ ಆಂಟೆನಾ ಬುಡದ ಈ ಲೋಹ ಸರಿಯಿಲ್ಲದಿರುವುದೇ.

ಪರೀಕ್ಷೆಗೆ 121.5 ಎಂದೂ ಬಳಸಬೇಡಿ, ಅದು ಆಪತ್ತಿನ ಫ್ರೀಕ್ವೆನ್ಸಿ. ಪರವಾನಗಿ ಇರುವವರೇ ಮಾತನಾಡಲಿ. ರೇಡಿಯೊ ಚೆಕ್ ಕೇಳಿದರೆ ಉತ್ತರ 1ರಿಂದ 5ರವರೆಗಿನ ಅಂಕದಲ್ಲಿ ಬರುತ್ತದೆ; 1 ಅಂದರೆ ಮಾತು ಅರ್ಥವಾಗುತ್ತಿಲ್ಲ, 5 ಅಂದರೆ ಪೂರ್ತಿ ಸ್ಪಷ್ಟ.

ಫ್ಯೂಸ್ ಹೋದರೆ ದೊಡ್ಡದು ಹಾಕುವ ಅಭ್ಯಾಸ ಬಿಡಿ. ಫ್ಯೂಸ್ ಕಾಯುವುದು ರೇಡಿಯೊವನ್ನಲ್ಲ, ವೈರನ್ನು. 22 ಗೇಜ್ ವೈರಿಗೆ 5 ಆಂಪ್ ಸಾಕು. ಕಾರಿನ ಅಂಗಡಿಯ ಪಿವಿಸಿ ವೈರ್ ಸುಟ್ಟರೆ ವಿಷದ ಹೊಗೆ ಕಾಕ್‌ಪಿಟ್ ತುಂಬುತ್ತದೆ. ದುಬಾರಿಯಾದರೂ ಬಿಸಿ ತಾಳುವ ಟೆಫ್‌ಜೆಲ್ ಹೊದಿಕೆಯ ವೈರ್ ತನ್ನಿ.

ರಿಪೇರಿ ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಬರೆಯಿಸಿ, ಅಧಿಕಾರ ಇರುವವರ ಸಹಿ ಹಾಕಿಸಿ. ಮೊದಲು ನೆಲದ ಮೇಲೆ ಎಲ್ಲ ಸ್ವಿಚ್ ಹಾಕಿ ಎಂಜಿನ್ ಓಡಿಸಿ, ಆಮೇಲೆ ಟ್ಯಾಕ್ಸಿ (ವಿಮಾನವನ್ನು ನೆಲದ ಮೇಲೇ ಓಡಿಸುವುದು), ಆಮೇಲೆ ನಿಲ್ದಾಣದ ಮೇಲೇ ಒಂದು ಸುತ್ತು. ಚಾರ್ಜ್ ಆದ ಕೈ ರೇಡಿಯೊ ಜೊತೆಗಿರಲಿ. ಆದರೂ ಮೇಲೆ ರೇಡಿಯೊ ಸತ್ತರೆ ಟ್ರಾನ್ಸ್‌ಪಾಂಡರ್‌ಗೆ (ರಾಡಾರ್‌ಗೆ ವಿಮಾನದ ಸಂಕೇತ ಕಳಿಸುವ ಉಪಕರಣ) ರೇಡಿಯೊ ಕೆಟ್ಟಿದೆ ಎಂದು ಹೇಳುವ 7600 ಹಾಕಿ, ಟವರ್ ಕಡೆ ನೋಡಿ. ಮಿಣುಕದ ಹಸಿರು ದೀಪ ಕಂಡರೆ ಇಳಿಯಬಹುದು. ಮಿಣುಕದ ಕೆಂಪು ಕಂಡರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ.