ಜಾತಿ ನಾಯಿಗಳ ಆನುವಂಶಿಕ ಕಿಡ್ನಿ, ಲಿವರ್ ಕಾಯಿಲೆ: ಬೇಸಿಗೆಯ ದಾಹವೆಂದು ಸುಮ್ಮನಿರಬೇಡಿ

ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ, ಸಾಕಿದ ನಾಯಿ ಪದೇ ಪದೇ ನೀರು ಕುಡಿದರೆ ಸೆಕೆಯೇ ಕಾರಣವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಶಿಹ್ ತ್ಸು, ಲಾಸಾ ಆಪ್ಸೊ, ಕಾಕರ್ ಸ್ಪ್ಯಾನಿಯಲ್ ಮುಂತಾದ ತಳಿಗಳಲ್ಲಿ ವಂಶದಿಂದ ಬಂದ ಕಿಡ್ನಿ ದೋಷವು ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು. ಮನೆಯವರ ಕಣ್ಣಿಗೆ ಬೀಳುವ ಅದರ ಮೊದಲ ಸೂಚನೆಯೂ ಹೆಚ್ಚಾಗಿ ಅತಿಯಾದ ದಾಹವೇ.

ಆದ್ದರಿಂದ ಮೊದಲು ನೀರನ್ನು ಅಳೆಯಿರಿ. ನಾಯಿಯನ್ನು ನೆರಳಿನಲ್ಲಿ, ಫ್ಯಾನಿನ ಕೆಳಗೆ ಇರಿಸಿ, ಬೆಳಿಗ್ಗೆ ಅಳತೆ ಮಾಡಿ ನೀರಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅದರಿಂದ ಕಳೆದು, ಕುಡಿದ ನೀರೆಷ್ಟೆಂದು ತಿಳಿಯಿರಿ. ದೇಹತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ಮೀರಿದರೆ, ಅಂದರೆ 6 ಕಿಲೋ ತೂಗುವ ಶಿಹ್ ತ್ಸು ದಿನಕ್ಕೆ 600 ಮಿಲಿಲೀಟರ್‌ಗಿಂತ ಹೆಚ್ಚು ಕುಡಿದರೆ, ಪಶುವೈದ್ಯರಿಗೆ ತೋರಿಸಿ. ಯಾವ ಕಾರಣಕ್ಕೂ ನೀರನ್ನು ಕಡಿಮೆ ಮಾಡಬೇಡಿ.

ಹೋಗುವಾಗ, ತೊಳೆದು ಒಣಗಿಸಿದ ಸೌಟಿನಲ್ಲಿ ನಾಯಿಯ ಬೆಳಗಿನ ಮೊದಲ ಮೂತ್ರವನ್ನು ಹಿಡಿದು, ಶುಚಿಯಾದ ಡಬ್ಬಿಯಲ್ಲಿ ಒಯ್ಯಿರಿ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರುವುದು ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಶಕ್ತಿ ಕುಂದಿದ ಮೇಲೆ. ಹಾಗಾಗಿ ರಕ್ತದ ವರದಿಯೊಂದನ್ನೇ ನಂಬದೆ, ಮೂತ್ರದ ಸಾಂದ್ರತೆ ಮತ್ತು ಪ್ರೋಟೀನ್ ಪರೀಕ್ಷೆಯನ್ನೂ, ಹೊಟ್ಟೆಯ ಸ್ಕ್ಯಾನಿಂಗನ್ನೂ ಕೇಳಿ ಮಾಡಿಸಿ. ಇಲಿಜ್ವರ, ಉಣ್ಣಿ ಹುಳು ಕಚ್ಚಿ ಬರುವ ಜ್ವರ, ಮನುಷ್ಯರ ನೋವಿನ ಮಾತ್ರೆ ಇವೂ ಕಿಡ್ನಿಯನ್ನು ಕೆಡಿಸುತ್ತವೆ. ದೋಷವನ್ನು ವಂಶದ ಮೇಲೆ ಹೊರಿಸುವ ಮುನ್ನ ಇವು ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಲಿವರ್‌ನ ಲಕ್ಷಣಗಳು ಬೇರೆ. ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್, ಪಗ್ ಮರಿಗಳಲ್ಲಿ ಕೆಲವಕ್ಕೆ ಕರುಳಿನಿಂದ ಬರುವ ರಕ್ತವು ಲಿವರಿನೊಳಗೆ ಹಾಯದೆ ನೇರವಾಗಿ ಮುಂದೆ ಹೋಗುವ ಅಡ್ಡನಾಳ ಹುಟ್ಟಿನಿಂದಲೇ ಇರುತ್ತದೆ. ಅಂಥ ಮರಿ ಸರಿಯಾಗಿ ಬೆಳೆಯುವುದಿಲ್ಲ; ಊಟವಾದ ಮೇಲೆ ಮಂಕಾಗುತ್ತದೆ, ಸುತ್ತು ಹಾಕುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ಇದಕ್ಕೆ 12 ಗಂಟೆ ಉಪವಾಸದ ಬಳಿಕ ಒಮ್ಮೆ, ಉಣಿಸಿ 2 ಗಂಟೆಗೆ ಇನ್ನೊಮ್ಮೆ ರಕ್ತ ತೆಗೆದು ಪಿತ್ತಾಮ್ಲವನ್ನು (ಲಿವರ್ ತಯಾರಿಸುವ ಪಿತ್ತರಸದಲ್ಲಿನ ಆಮ್ಲ) ಪರೀಕ್ಷಿಸುತ್ತಾರೆ. ಕೆಲವು ಲ್ಯಾಬ್ರಡಾರ್‌ಗಳಲ್ಲಿ ತಾಮ್ರವು ಲಿವರ್‌ನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಶೇಖರವಾಗುತ್ತದೆ. ಲಿವರ್‌ನ ಚೂರು ತೆಗೆದು ಪರೀಕ್ಷಿಸಿದಾಗಲೇ ಅದು ಖಚಿತ. ಅಂಥ ನಾಯಿಗೆ ಮಟನ್ ಅಂಗಡಿಯ ಲಿವರನ್ನು, ಎಷ್ಟೇ ಪ್ರೀತಿಯಿದ್ದರೂ, ಹಾಕಲೇಬಾರದು, ಏಕೆಂದರೆ ಅದರಲ್ಲಿ ತಾಮ್ರ ಹೇರಳವಾಗಿರುತ್ತದೆ.

ಮರಿ ಕೊಳ್ಳುವಾಗ ತಾಯಿ-ತಂದೆ ಆರೋಗ್ಯವಾಗಿ ಕಂಡರಷ್ಟೇ ಸಾಲದು. ಕಾಕರ್‌ನ ಕಿಡ್ನಿ ರೋಗದಲ್ಲಿ ದೋಷವನ್ನು ಹೊತ್ತ ಎರಡೂ ನಾಯಿಗಳು ಚೆನ್ನಾಗಿಯೇ ಇದ್ದು, ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು ಇರುತ್ತದೆ. ಬುಲ್ ಟೆರಿಯರ್‌ನ ಕಿಡ್ನಿ ಗುಳ್ಳೆ ರೋಗಕ್ಕಾದರೆ ತಂದೆ ಅಥವಾ ತಾಯಿ, ಯಾರಾದರೂ ಒಬ್ಬರ ಕಡೆಯ ದೋಷವೇ ಸಾಕು. ಆದ್ದರಿಂದ ತಂದೆ-ತಾಯಿಯ ಜೀನ್ ಪರೀಕ್ಷೆ ಅಥವಾ ಸ್ಕ್ಯಾನಿಂಗ್ ವರದಿಯನ್ನು ಕೇಳಿ. ನಿಮ್ಮ ನಾಯಿಗೆ ಇಂಥ ರೋಗ ಖಚಿತವಾದರೆ ಅದನ್ನು ಕ್ರಾಸ್ ಮಾಡಿಸಬೇಡಿ. ಮರಿ ಕೊಟ್ಟವರಿಗೂ, ಅದರ ಒಡಹುಟ್ಟಿದ ಮರಿಗಳಿರುವ ಮನೆಗಳಿಗೂ ವರದಿಯನ್ನು ಕಳುಹಿಸಿ, ಆ ಮರಿಗಳ ಮೂತ್ರವನ್ನೂ ಪರೀಕ್ಷಿಸಲು ಹೇಳಿ.